ಬಿದ್ದ ಮಳೆಮರ, ಉಳಿದ ಹಲಗೆ

ಪ್ರತಿವರ್ಷ ಸಂಘದ ಸ್ಮರಣ ಸಂಚಿಕೆಯಲ್ಲಿ ರಕ್ತದೊತ್ತಡ, ಮಧುಮೇಹ, ಮೊಣಕಾಲು ನೋವು ಮೊದಲಾದವುಗಳ ಬಗೆಗೆ ನಮ್ಮ ವೈದ್ಯ ಮಿತ್ರರು ಬರೆಯುವ ಲೇಖನಗಳನ್ನು ಶ್ರದ್ಧೆಯಿಂದ ಓದುತ್ತ ಬಂದವರಲ್ಲಿ ನಾನೂ ಒಬ್ಬ. ಈ ಸಲ ಸಂಪಾದಕರು ನನ್ನಿಂದಲೂ ಒಂದು ಲೇಖನವನ್ನು ಅಪೇಕ್ಷಿಸಿದಾಗ, “ನಾನು ವೈದ್ಯನಲ್ಲ, ಬ್ಯಾಂಕಿನಿಂದ ನಿವೃತ್ತನಾದವನು. ನಾನು ಹತ್ತಿರದಿಂದ ಕಂಡ ರೋಗಿಯೆಂದರೆ ಒಂದು ಮರ; ಅದರ ಸಾವಿಗೂ ನಾನೇ ಕಾರಣ” ಎಂದು ತಪ್ಪಿಸಿಕೊಳ್ಳಲು ನೋಡಿದೆ. “ಹಾಗಾದರೆ ಅದನ್ನೇ ಬರೆದುಕೊಡಿ” ಎಂದು ಅವರು ಫೋನು ಇಟ್ಟುಬಿಟ್ಟರು.

ನಾನು ವಾಸಿಸುವುದು ಮುಂಬಯಿಯ ಪಶ್ಚಿಮ ಉಪನಗರದ ಒಂದು ಹಳೆಯ ಹೌಸಿಂಗ್ ಸೊಸಾಯಿಟಿಯಲ್ಲಿ. ಕಟ್ಟಡ ಏಳುವುದಕ್ಕೆ ಮೊದಲಿನಿಂದಲೂ ಆ ಅಂಗಳದಲ್ಲಿ ಎರಡು ಮಳೆಮರಗಳಿದ್ದವು. ಮಳೆಮರ ನಮ್ಮ ದೇಶದ್ದಲ್ಲ. ಮಧ್ಯ ಹಾಗೂ ದಕ್ಷಿಣ ಅಮೆರಿಕೆಯಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಇತ್ತ ಬಂದು, ಬೆಂಗಳೂರು, ಮುಂಬಯಿಗಳ ಹಳೆಯ ರಸ್ತೆಗಳ ಮೇಲೆ ಕೊಡೆ ಹಿಡಿದು ನಿಂತದ್ದು. ಸಂಜೆಯಾದೊಡನೆ, ಮೋಡ ಕವಿದಾಗಲೂ, ಅದರ ಎಲೆಗಳು ಜೋಡಿಜೋಡಿಯಾಗಿ ಮಡಚಿಕೊಳ್ಳುತ್ತವೆ. ಆಗ ಮಳೆಯ ನೀರು ಕೊಂಬೆಗಳ ನಡುವಿನಿಂದ ನೇರವಾಗಿ ನೆಲಕ್ಕೆ ಇಳಿಯುತ್ತದೆ. ದೊಡ್ಡ ಮರದ ಕೆಳಗೆ ಕುರ್ಚಿಗಳನ್ನು ಹಾಕಿಕೊಂಡು ಸಂಜೆ ಐದೂವರೆಗೆ ಕೂಡುವ ನಮ್ಮದೊಂದು ಕನ್ನಡದ ಕೂಟವಿತ್ತು. ಕುಮಟೆಯ ಕಡೆಯವನು ನಾನು. ಧಾರವಾಡದವರೊಬ್ಬರು ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ಉಡುಪಿಯ ಕಡೆಯವರೊಬ್ಬರು ಹೋಟೆಲನ್ನು ಮಕ್ಕಳಿಗೆ ಒಪ್ಪಿಸಿ ಬಿಡುವಾಗಿದ್ದವರು. ಮಗನ ಮನೆಯನ್ನು ನೋಡಿಹೋಗಲೆಂದು ಹಾಸನದಿಂದ ಬಂದು ಇಪ್ಪತ್ತು ವರ್ಷ ಇಲ್ಲಿಯೇ ಉಳಿದುಬಿಟ್ಟ ಅಜ್ಜಿಯೊಬ್ಬರು. ಊರಿನ ಸುದ್ದಿಯೆಲ್ಲ ಆ ನೆರಳಿನಲ್ಲಿಯೇ ವಿನಿಮಯವಾಗುತ್ತಿತ್ತು.

2012ರಲ್ಲಿ ನಾನು ಸೊಸಾಯಿಟಿಯ ಕಾರ್ಯದರ್ಶಿಯಾಗಿದ್ದೆ. ಮರದ ಮೇಲೆ ದೂರುಗಳು ಬರುತ್ತಿದ್ದವು. ಅದರ ಕಾಯಿಗಳೊಳಗೆ ಬೆಲ್ಲದಂಥ ಅಂಟಿರುತ್ತದೆ. ದನಗಳಿಗೆ ಅದು ಪ್ರಿಯವಾದರೂ ಕಾರುಗಳ ಮಾಲಿಕರಿಗೆ ಆಗದು. ಮಳೆಗಾಲದಲ್ಲಿ ಬುಡದ ಸುತ್ತ ಕೆಸರಾಗಿ ವೃದ್ಧರು ಜಾರುತ್ತಾರೆಂಬುದು ಇನ್ನೊಂದು ದೂರು. ನಾನು ಉತ್ಸಾಹದಿಂದ ಮುಂದೆ ಬಿದ್ದು ಅಂಗಳಕ್ಕೆಲ್ಲ ಕಾಂಕ್ರೀಟು ಹಾಸಿಸಿ, ಮರದ ಕಾಂಡದ ಸುತ್ತ ಎರಡಡಿ ಎತ್ತರದ ಗುಂಡನೆಯ ಕಟ್ಟೆಯನ್ನು ಕಟ್ಟಿಸಿ, ಅದರೊಳಗೆ ಮಣ್ಣು ತುಂಬಿಸಿ, ಮೇಲೆ ಹಂಚು ಬಿಲ್ಲೆಗಳನ್ನು ಕೂಡಿಸಿದೆ. ಊರಿನ ಅಶ್ವತ್ಥಕಟ್ಟೆಯನ್ನು ಮುಂಬಯಿಗೆ ತಂದೆನೆಂಬ ಹೆಮ್ಮೆ ನನಗೆ. ಊರಿನ ಕಟ್ಟೆಯ ಸುತ್ತ ಮಣ್ಣಿನ ನೆಲವಿರುತ್ತದೆ, ಕಲ್ಲುಗಳ ನಡುವೆ ಸಂದುಗಳಿರುತ್ತವೆ ಎಂಬುದು ಆಗ ಹೊಳೆಯಲಿಲ್ಲ.

ಮರದ ಬೇರು ಪಾತಾಳಕ್ಕೆ ಇಳಿದಿರುತ್ತದೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಮರಕ್ಕೆ ಅನ್ನ ನೀರು ಒದಗಿಸುವ ಸಣ್ಣ ಬೇರುಗಳಲ್ಲಿ ಬಹುಪಾಲು ನೆಲದ ಮೇಲಿನ ಒಂದೆರಡು ಅಡಿಗಳಲ್ಲಿಯೇ ಇದ್ದು, ಕೊಂಬೆಗಳ ಹರಹನ್ನೂ ಮೀರಿ ಸುತ್ತ ಹಬ್ಬಿರುತ್ತವೆ. ಅವು ಉಸಿರಾಡುತ್ತವೆ, ಮಣ್ಣಿನ ಕಣಗಳ ನಡುವಿನ ಗಾಳಿಯಿಂದ ಆಮ್ಲಜನಕವನ್ನು ಪಡೆಯುತ್ತವೆ. ಮೇಲೆ ಕಾಂಕ್ರೀಟು ಬಿದ್ದರೆ ನೀರೂ ಇಳಿಯದು, ಗಾಳಿಯೂ ಆಡದು. ಕಾಂಡದ ಸುತ್ತ ಮಣ್ಣು ಏರಿಸಿದರೆ ಸದಾ ಒದ್ದೆಯಾಗಿರುವ ತೊಗಟೆ ಕೊಳೆಯತೊಡಗುತ್ತದೆ. ಇಷ್ಟು ಸಾಲದೆಂಬಂತೆ, 2016ರಲ್ಲಿ ನೀರಿನ ಹೊಸ ಕೊಳವೆಗಾಗಿ ಕಾಂಡದಿಂದ ನಾಲ್ಕಡಿ ದೂರದಲ್ಲಿ ಕಾಲುವೆಯೊಂದನ್ನು ಅಗೆದರು. ತೋಳಿನಷ್ಟು ದಪ್ಪದ ಮೂರು ಬೇರುಗಳನ್ನು ಕೂಲಿಯವರು ಕಡಿದುಹಾಕಿದ್ದನ್ನು ನಾನೇ ನಿಂತು ನೋಡಿದ್ದೇನೆ. ಆ ದಿನ ನನ್ನ ಚಿಂತೆಯೆಲ್ಲ ಕೊಳವೆ ಸಂಜೆಯೊಳಗೆ ಕೂಡುವುದೋ ಇಲ್ಲವೋ ಎಂಬುದಾಗಿತ್ತು.

ಕೊಂಬೆಗಳ ಕತೆಯೂ ಇಂಥದೇ. ಮಳೆಗಾಲಕ್ಕೆ ಮುನ್ನ ಗುತ್ತಿಗೆದಾರನೊಬ್ಬ ಅನುಮತಿ ಪತ್ರದೊಂದಿಗೆ ಬಂದು ಕೊಂಬೆಗಳನ್ನು ಅರ್ಧಕ್ಕೆ ಮೊಟಕು ಮಾಡಿ ಹೋಗುತ್ತಿದ್ದ. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶಿಗೋ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದುದ್ದ ಸೀಳಿ ಅವುಗಳ ಗಾಯಗಳನ್ನು ಅಧ್ಯಯನ ಮಾಡಿದವರು. ನಮ್ಮ ಚರ್ಮದಂತೆ ಮರದ ಗಾಯ ಮಾಯುವುದಿಲ್ಲ. ಮರವು ಕೆಟ್ಟ ಭಾಗದ ಸುತ್ತ ಒಳಗೊಳಗೇ ಗೋಡೆ ಕಟ್ಟಿ ಅದನ್ನು ಬೇರ್ಪಡಿಸಿ ತಾನು ಹೊರಗಿನಿಂದ ಬೆಳೆಯುತ್ತ ಹೋಗುತ್ತದೆ ಎಂಬುದು ಅವರು ತೋರಿಸಿಕೊಟ್ಟ ವಿಷಯ. ಕೊಂಬೆ ಕಾಂಡವನ್ನು ಕೂಡುವಲ್ಲಿ ಒಂದು ಉಬ್ಬಿರುತ್ತದೆ. ಆ ಗೋಡೆ ಕಟ್ಟುವ ಸಾಮರ್ಥ್ಯವಿರುವುದು ಅಲ್ಲಿ. ಆದುದರಿಂದ ಕೊಯ್ತ ಆ ಉಬ್ಬಿನ ಹೊರಗಡೆಗೆ, ಅದಕ್ಕೆ ತಾಗಿದಂತೆ ಬರಬೇಕು. ಕಾಂಡಕ್ಕೆ ಸಪಾಟಾಗಿ ಕೊಯ್ದರೆ ಉಬ್ಬೇ ಹೋಯಿತು. ಅಡಿಗಟ್ಟಲೆ ಮೊಂಡು ಬಿಟ್ಟರೆ ಆ ಮೊಂಡು ಕೊಳೆತು ಒಳಗಿನವರೆಗೆ ದಾರಿ ಮಾಡುತ್ತದೆ. ಭಾರವಾದ ಕೊಂಬೆಯಾದರೆ ಮೂರು ಕೊಯ್ತಗಳು ಬೇಕು. ಒಂದಡಿ ದೂರದಲ್ಲಿ ಕೆಳಗಿನಿಂದ ಮೂರರಲ್ಲಿ ಒಂದು ಪಾಲು. ಅದಕ್ಕಿಂತ ತುಸು ಆಚೆ ಮೇಲಿನಿಂದ ಪೂರ್ತಿ. ಭಾರ ಇಳಿದ ಮೇಲೆ ಉಬ್ಬಿನ ಬಳಿ ಕೊನೆಯದು. ಹೀಗೆ ಮಾಡದಿದ್ದರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನು ಗಜದುದ್ದ ಸುಲಿದುಕೊಂಡೇ ಬೀಳುತ್ತದೆ. ಗಾಯಕ್ಕೆ ಡಾಂಬರು ಬಳಿಯುವ ಪದ್ಧತಿಯಿಂದ ಕೊಳೆತ ನಿಲ್ಲುವುದಿಲ್ಲವೆಂದೂ ಶಿಗೋ ಕಂಡುಕೊಂಡರು. ನಾವಾದರೋ ಪ್ರತಿವರ್ಷ ಮೊಂಡು ಬಿಟ್ಟು, ಅದರ ಮೇಲೆ ಭಕ್ತಿಯಿಂದ ಡಾಂಬರು ಬಳಿಸಿದೆವು. ಇಲ್ಲೊಂದು ಮಾತು ಹೇಳಿಬಿಡುತ್ತೇನೆ: ಇದನ್ನೋದಿ ಯಾರೂ ಗರಗಸ ಹಿಡಿದು ಮರ ಹತ್ತಬೇಡಿ. ವಿದ್ಯುತ್ ತಂತಿಗಳ ನಡುವೆ ಮಾಡುವ ಕೆಲಸವದು. ಬಲ್ಲವರನ್ನು ಕರೆಸಿ, ಕೆಳಗೆ ನಿಂತು, ಎಲ್ಲಿ ಕೊಯ್ಯಬೇಕೆಂದು ಮಾತ್ರ ಹೇಳಿ.

2019ರ ಮಳೆಗಾಲದಲ್ಲಿ ಕಟ್ಟೆಯ ಅಂಚಿನಲ್ಲಿ, ಕಾಂಡಕ್ಕೆ ಅಂಟಿಕೊಂಡು, ಆನೆಕಿವಿಯಂತಹ ಕಂದು ಅಣಬೆಗಳೆದ್ದವು. ಅಜ್ಜಿಯವರು ಅದನ್ನು ನೋಡಿ, “ಇದು ಒಳ್ಳೇದಲ್ಲಪ್ಪ” ಎಂದರು. ನಾನು ಕಸಗುಡಿಸುವವನಿಂದ ಅವನ್ನು ಕೆರೆಯಿಸಿಹಾಕಿದೆ. ಜ್ವರ ಬಂದವನ ಬಾಯಿಯಿಂದ ಥರ್ಮಾಮೀಟರನ್ನು ಕಿತ್ತೆಸೆದಂತಾಯಿತು. ಬುಡದಲ್ಲಿ ಅಂತಹ ಅಣಬೆ ಕಂಡಿತೆಂದರೆ ಒಳಗೆ ಬೇರು ಕೊಳೆಯುತ್ತಿದೆಯೆಂದೇ ತಿಳಿಯಬೇಕು.

2021ರ ಮೇ 17ರಂದು ತೌಕ್ತೆ ಚಂಡಮಾರುತ ಮುಂಬಯಿಯ ಪಕ್ಕದಲ್ಲಿ ಹಾದುಹೋಯಿತು. ಗಂಟೆಗೆ ನೂರು ಕಿಲೋಮೀಟರನ್ನೂ ಮೀರಿದ ಗಾಳಿ, ಒಂದೇ ದಿನದಲ್ಲಿ ಇನ್ನೂರು ಮಿಲಿಮೀಟರನ್ನು ದಾಟಿದ ಮಳೆ. ಮಧ್ಯಾಹ್ನ ಮೂರರ ಸುಮಾರಿಗೆ ದೊಡ್ಡ ಮರ ಉರುಳಿತು. ಕೋವಿಡ್ ನಿರ್ಬಂಧದ ದಿನಗಳಾದುದರಿಂದ ಅಂಗಳದಲ್ಲಿ ಯಾರೂ ಇರಲಿಲ್ಲ. ಒಂದು ಕಾರು ಅಪ್ಪಚ್ಚಿಯಾಯಿತು; ನಮ್ಮ ಪ್ಲಾಸ್ಟಿಕ್ ಕುರ್ಚಿಗಳು ಎಲ್ಲಿ ಹೋದುವೋ ತಿಳಿಯಲಿಲ್ಲ. ಬುಡಮೇಲಾದ ಬೇರಿನ ಗಡ್ಡೆಯನ್ನು ಮರುದಿನ ನೋಡಿದೆ. ಕಾಲುವೆ ಅಗೆದ ಬದಿಯಲ್ಲಿ ಬೇರೇ ಇರಲಿಲ್ಲ. ಕಡಿದ ಮೂರು ಮೊಂಡುಗಳು ಕರಿಯ ಸ್ಪಂಜಿನಂತಾಗಿದ್ದವು. ಮರಕ್ಕೆ ಕಟ್ಟಿದ ಕಟ್ಟೆ ಮಾತ್ರ ಒಂದು ಬಿಲ್ಲೆಯೂ ಕದಲದೆ ಅರ್ಧಚಂದ್ರಾಕಾರವಾಗಿ ನಿಂತಿತ್ತು.

ನಮ್ಮ ಕಟ್ಟಡದ ಬಾಗಿಲು ಕಿಟಕಿಗಳನ್ನೆಲ್ಲ ಮೂವತ್ತು ವರ್ಷಗಳಿಂದ ನೋಡಿಕೊಳ್ಳುತ್ತಿದ್ದ ಆಚಾರಿಯೊಬ್ಬರು ನನ್ನ ತಾಲೂಕಿನವರೇ. ಅವರೂ ಬಂದು ನಿಂತರು. “ಗಾಳಿಯ ಮೇಲೆ ತಪ್ಪು ಹೊರಿಸೂದು ಬೇಡ ರಾಯರೇ, ಇದರ ಬುಡ ಸತ್ತು ನಾಲ್ಕೈದು ವರ್ಷ ಆಯ್ದು” ಎಂದರು. ನಾನು ಮಾತನಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ, ಕಾಂಡವನ್ನು ಬೆರಳ ಗಂಟಿನಿಂದ ತಟ್ಟುತ್ತ, “ಆದ್ರೆ ಮೇಲೆ ಚೇಗು ಗಟ್ಟಿ ಇದ್ದು. ಸೌದೆಗೆ ಕೊಡಬೇಡಿ” ಎಂದರು.

ನಗರದಲ್ಲಿ ಬಿದ್ದ ಮರಗಳ ಗತಿ ಸಾಮಾನ್ಯವಾಗಿ ಸೌದೆಯೇ. ದಾರಿ ಬೇಗ ತೆರವಾಗಬೇಕು, ಲಾರಿಯಲ್ಲಿ ಹಿಡಿಸಬೇಕು. ಆದುದರಿಂದ ಎರಡೆರಡು ಅಡಿಯ ತುಂಡುಗಳಾಗುತ್ತವೆ. ಒಮ್ಮೆ ಹಾಗೆ ತುಂಡಾದ ಮೇಲೆ ಯಾವ ಬಡಗಿಯೂ ಏನೂ ಮಾಡಲಾರ. ಪಾಲಿಕೆಯ ಉದ್ಯಾನ ಖಾತೆಯವರು ಪಂಚನಾಮೆ ಮಾಡಿಕೊಂಡ ಮೇಲೆ, ಕಾಂಡವನ್ನು ಏಳಡಿಯ ಮೂರು ದಿಮ್ಮಿಗಳಾಗಿ ಬಿಡುವಂತೆ ಗುತ್ತಿಗೆದಾರನನ್ನು ಬೇಡಿಕೊಂಡೆವು. ಅವನು ತಲೆ ಚಚ್ಚಿಕೊಂಡು ಒಪ್ಪಿದ. ಮಹಾರಾಷ್ಟ್ರದಲ್ಲಿ 1975ರಿಂದಲೂ, ಕರ್ನಾಟಕದಲ್ಲಿ 1976ರಿಂದಲೂ ಮರಗಳ ಸಂರಕ್ಷಣೆಯ ಕಾಯಿದೆಗಳಿವೆ. ಸ್ವಂತ ಅಂಗಳದ ಮರವೆಂದು ಮನಬಂದಂತೆ ಕಡಿಯುವಂತಿಲ್ಲ. ಬಿದ್ದ ಮರವನ್ನು ಬೇರೆಡೆಗೆ ಸಾಗಿಸುವಾಗಲೂ ರಹದಾರಿ ಬೇಕೇ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ಆಚಾರಿಯವರು ಅದೇ ದಿನ ಮಾಡಿದ ಮೊದಲ ಕೆಲಸವೆಂದರೆ, ನನ್ನ ಮನೆಯಲ್ಲಿ ಉಳಿದಿದ್ದ ಹಳೆಯ ಬಣ್ಣದ ಡಬ್ಬಿಯನ್ನು ತರಿಸಿ, ದಿಮ್ಮಿಗಳ ಎರಡೂ ತುದಿಗಳಿಗೆ ದಪ್ಪವಾಗಿ ಬಳಿದದ್ದು. ಇದೇಕೆಂದು ಕೇಳಿದೆ. ಮರದ ನೀರು ಉದ್ದಕ್ಕೂ ಇರುವ ನಾಳಗಳ ಮೂಲಕ ತುದಿಯಿಂದಲೇ ಬಹು ಬೇಗ ಹೊರಹೋಗುತ್ತದೆ. ತುದಿ ಒಣಗಿ ಕುಗ್ಗುತ್ತದೆ, ನಡುಭಾಗ ಹಸಿಯಾಗಿಯೇ ಇರುತ್ತದೆ. ಈ ಜಗ್ಗಾಟದಲ್ಲಿ ತುದಿ ಬಿರಿಯುತ್ತದೆ. ಬಣ್ಣವೋ ಮೇಣವೋ ಬಳಿದರೆ ನೀರು ನಿಧಾನವಾಗಿ ಎಲ್ಲ ಕಡೆಯಿಂದಲೂ ಸಮನಾಗಿ ಇಳಿಯುತ್ತದೆ. ಒಂದು ವಾರ ತಡಮಾಡಿದರೆ ತುದಿಯ ಅರ್ಧ ಅಡಿ ಹೋದಂತೆಯೇ.

ಜುಲೈಯಲ್ಲಿ ಸಾ ಮಿಲ್ಲುಗಳು ತೆರೆದವು. ಮೊದಲ ಮಿಲ್ಲಿನವನು ನಗರದ ಮರವೆಂದೊಡನೆ ಕೈಮುಗಿದ. ಬೀದಿಯ ಮರದೊಳಗೆ ಏನೇನಿರುತ್ತದೆಂಬುದು ಅವನಿಗೆ ಗೊತ್ತು. ಒಂದು ಮೊಳೆಗೆ ತಾಗಿದರೆ ಗರಗಸದ ಪಟ್ಟಿಯೇ ಹಾಳು. ನಾವು ಮೊದಲು ಲೋಹಶೋಧಕವೊಂದನ್ನು ಬಾಡಿಗೆಗೆ ತಂದು ದಿಮ್ಮಿಗಳ ಮೇಲೆ ಆಡಿಸಿ, ಸದ್ದಾದಲ್ಲೆಲ್ಲ ಉಳಿಯಿಂದ ಕೆತ್ತಿ, ಹನ್ನೊಂದು ಮೊಳೆಗಳನ್ನೂ ಗಣೇಶೋತ್ಸವದ ದೀಪಸರಕ್ಕೆ ಕಟ್ಟಿದ್ದ ಒಂದು ತಂತಿಯನ್ನೂ ತೆಗೆದೆವು. ಅವುಗಳಲ್ಲಿ ಎರಡು ಮೊಳೆಗಳನ್ನು ಸೂಚನಾ ಫಲಕಕ್ಕಾಗಿ ಹೊಡೆಸಿದವನು ನಾನೇ. ಎರಡನೆಯ ಮಿಲ್ಲಿನವನು ಒಪ್ಪಿ, ಎರಡಿಂಚು ದಪ್ಪದ ಹಲಗೆಗಳನ್ನು ಸೀಳಿಕೊಟ್ಟ. ಮೊದಲ ಹಲಗೆ ಮಗುಚಿದಾಗ ಎಲ್ಲರೂ ಸುಮ್ಮನಾದೆವು. ನಡುವೆ ಕಾಫಿಯ ಬಣ್ಣದ ಚೇಗು. ಅದರೊಳಗೆ ಹೊನ್ನಿನ, ಕಪ್ಪಿನ ಗೆರೆಗಳು. ಎರಡು ಬದಿಗೂ ಬೆಣ್ಣೆಯ ಬಣ್ಣದ ಹೊರಮರ. ನಲವತ್ತು ವರ್ಷ ಆ ಮರದ ಕೆಳಗೆ ಕುಳಿತವರು ನಾವು. ಒಳಗೆ ಇದು ಇತ್ತೆಂದು ಯಾರಿಗೆ ತಿಳಿದಿತ್ತು?

ಹಲಗೆಗಳನ್ನು ಒಣಗಿಸುವುದು ಬಹಳ ತಾಳ್ಮೆಯ ಕೆಲಸ. ಮರ ಒಣಗುವಾಗ ಉದ್ದದಲ್ಲಿ ಬಹುಮಟ್ಟಿಗೆ ಕುಗ್ಗುವುದೇ ಇಲ್ಲ, ಅಗಲದಲ್ಲಿ ಕುಗ್ಗುತ್ತದೆ. ಅದರಲ್ಲಿಯೂ ವರ್ಷದ ಉಂಗುರಗಳು ಸುತ್ತುವ ದಿಕ್ಕಿನಲ್ಲಿ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ಕಡೆಗಿನ ಕುಗ್ಗುವಿಕೆಯ ಸುಮಾರು ಎರಡು ಪಾಲು. ಹಲಗೆ ಡೊಂಕಾಗುವುದರ, ಬಿರಿಯುವುದರ ಗುಟ್ಟೆಲ್ಲ ಈ ವ್ಯತ್ಯಾಸದಲ್ಲಿದೆ. ಮಳೆಮರದ್ದು ಉಳಿದ ಅನೇಕ ಮರಗಳಿಗೆ ಹೋಲಿಸಿದರೆ ಕಡಿಮೆ ಕುಗ್ಗುವ ಜಾತಿ. ಹವಾಯಿಯಲ್ಲಿಯೂ ಫಿಲಿಪ್ಪೀನ್ಸಿನಲ್ಲಿಯೂ ಇದರ ಬಟ್ಟಲುಗಳನ್ನು ಕಡೆಯುವುದು ಹೆಸರಾದ ಉದ್ಯಮ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಬಡಗಿಗಳ ಹಳೆಯ ಲೆಕ್ಕ. ನಮ್ಮ ಹಲಗೆಗೆ ಎರಡು ವರ್ಷ. ಜಾಗವೆಲ್ಲಿ? ಕಟ್ಟಡದ ಕೆಳಗೆ ಕಾರು ನಿಲ್ಲಿಸುವ ತಾಣದಲ್ಲಿ ನನ್ನದೊಂದು ಪಾಲಿತ್ತು. ಕಾರನ್ನು ರಸ್ತೆಗೆ ಅಟ್ಟಿ ಅಲ್ಲಿ ಅಟ್ಟಿ ಕಟ್ಟಿದೆವು. ಕೆಳಗೆ ಇಟ್ಟಿಗೆ, ಮೇಲೆ ಹಲಗೆ, ಹಲಗೆ ಹಲಗೆಗಳ ನಡುವೆ ಒಂದಿಂಚಿನ ಅಡ್ಡಪಟ್ಟಿಗಳು. ಆ ಪಟ್ಟಿಗಳೆಲ್ಲ ಕೆಳಗಿನಿಂದ ಮೇಲಿನವರೆಗೆ ಒಂದೇ ಸರಳರೇಖೆಯಲ್ಲಿ ಇರಬೇಕು, ಇಲ್ಲವಾದರೆ ಹಲಗೆ ಅಲೆಯಂತೆ ಬಾಗುತ್ತದೆ. ಎಲ್ಲಕ್ಕೂ ಮೇಲೆ ನಾಲ್ಕು ಕಲ್ಲುಗಳ ಭಾರ. ಗಾಳಿ ಆಡಬೇಕು, ಬಿಸಿಲು ತಾಗಬಾರದು.

ಬ್ಯಾಂಕಿನಲ್ಲಿ ಲೆಕ್ಕ ಬರೆದು ರೂಢಿಯಾದ ನಾನು ಅದೇ ಮರದ ಒಂದು ಸಣ್ಣ ತುಂಡನ್ನು ಅಟ್ಟಿಯೊಡನೆ ಇಟ್ಟು, ತಿಂಗಳಿಗೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡುತ್ತಿದ್ದೆ. ಮೊದಲ ದಿನ 3 ಕಿಲೋ 400 ಗ್ರಾಂ. ಮರುವರ್ಷದ ಮೇ ತಿಂಗಳಿಗೆ 2 ಕಿಲೋ 300. ಜುಲೈಯಲ್ಲಿ ಅದು ಮತ್ತೆ ಏರಿತು! ಮರ ಸತ್ತ ಮೇಲೂ ಗಾಳಿಯ ತೇವವನ್ನು ಕುಡಿಯುತ್ತದೆ, ಬಿಡುತ್ತದೆ. ಮಳೆಗಾಲದಲ್ಲಿ ಬಾಗಿಲು ಬಿಗಿಯುವುದು ಇದರಿಂದಲೇ. ಒಂದು ಬೇಸಗೆಯ ತೂಕ ಹಿಂದಿನ ಬೇಸಗೆಯ ತೂಕದಷ್ಟೇ ನಿಂತಿತೆಂದರೆ ಮರ ಆ ಊರಿನ ಹವೆಗೆ ಹೊಂದಿಕೊಂಡಿತೆಂದು ಅರ್ಥ.

ಮೊದಲ ಮಳೆಗಾಲದಲ್ಲಿಯೇ ಇನ್ನೊಂದು ಪೀಡೆ ಕಂಡಿತು. ಹಲಗೆಗಳ ಕೆಳಗೆ ಮೈದಾ ಹಿಟ್ಟಿನಂತಹ ನುಣ್ಣನೆಯ ಪುಡಿಯ ಸಣ್ಣ ಸಣ್ಣ ರಾಶಿಗಳು. ಹೊರಮರದಲ್ಲಿರುವ ಪಿಷ್ಟವನ್ನು ತಿನ್ನುವ ಕೊರೆಹುಳುವಿನ ಕೆಲಸವದು. ಚೇಗನ್ನು ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹಲಗೆ ಹಸಿಯಿರುವಾಗಲೇ ಬಿಳಿಗಾರ ಒಂದೂವರೆ ಪಾಲು, ಬೋರಿಕ್ ಆಮ್ಲ ಒಂದು ಪಾಲು ಸೇರಿಸಿ ಬಿಸಿನೀರಿನಲ್ಲಿ ಕರಗಿಸಿದ ದ್ರಾವಣದಲ್ಲಿ ಅದ್ದಿದ್ದರೆ ಅದು ಒಳಗಿಳಿದು ಕಾಯುತ್ತಿತ್ತು. ಮಳೆಗೆ ತೊಳೆದುಹೋಗುವ ವಸ್ತುವಾದುದರಿಂದ ಮಾಡಿನ ಕೆಳಗಿರುವ ಸಾಮಾನಿಗೆ ಮಾತ್ರ ಉಪಯುಕ್ತ. ನಾವು ತಡವಾಗಿ ಬಳಿದೆವು. ಎರಡು ಹಲಗೆಗಳ ಹೊರಮರವನ್ನು ಪೂರ್ತಿ ಕೆತ್ತಿಹಾಕಬೇಕಾಯಿತು.

ಹಲಗೆಯ ಅಂಚನ್ನು ನೆಟ್ಟಗೆ ಕೊಯ್ಯಬೇಕೆಂದು ನನ್ನ ಆಗ್ರಹ. ಮರ ಬೆಳೆದ ಹಾಗೆಯೇ ಬಿಡಬೇಕೆಂದು ಆಚಾರಿಯವರದು. ವಾಸ್ತುಶಿಲ್ಪ ಓದಿದ ನನ್ನ ಮಗಳು ಜಾರ್ಜ್ ನಾಕಾಶಿಮಾ ಎಂಬವರ ಮೇಜುಗಳ ಚಿತ್ರಗಳನ್ನು ತೋರಿಸಿ ವಾದವನ್ನು ಮುಗಿಸಿದಳು. ಅವರ ಕತೆ ನಮ್ಮ ದೇಶಕ್ಕೂ ಸಂಬಂಧಿಸಿದ್ದು. ಅಮೆರಿಕದಲ್ಲಿ 1905ರಲ್ಲಿ ಹುಟ್ಟಿದ ಜಪಾನೀ ಮೂಲದ ಈ ವಾಸ್ತುಶಿಲ್ಪಿ, 1930ರ ದಶಕದ ಕೊನೆಯ ಭಾಗದಲ್ಲಿ ಪಾಂಡಿಚೇರಿಯ ಶ್ರೀ ಅರವಿಂದಾಶ್ರಮದಲ್ಲಿ ‘ಗೋಲ್ಕೊಂಡ’ ಎಂಬ ವಸತಿಗೃಹದ ನಿರ್ಮಾಣವನ್ನು ನೋಡಿಕೊಳ್ಳಲು ಬಂದು, ಸಂಬಳವನ್ನು ಬಿಟ್ಟು ಆಶ್ರಮವಾಸಿಯೇ ಆಗಿ, ‘ಸುಂದರಾನಂದ’ ಎಂಬ ಹೆಸರನ್ನು ಪಡೆದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಜಪಾನೀ ಮೂಲದವರೆಂಬ ಒಂದೇ ಕಾರಣಕ್ಕೆ ಅವರನ್ನು ಪತ್ನಿ, ಹಸುಗೂಸುಗಳೊಂದಿಗೆ ಐಡಾಹೊದ ಮಿನಿಡೋಕಾ ಶಿಬಿರದಲ್ಲಿ ಕೂಡಿಹಾಕಲಾಯಿತು. ಆ ಮರುಭೂಮಿಯಲ್ಲಿ, ಜಪಾನೀ ಪದ್ಧತಿಯಲ್ಲಿ ಪಳಗಿದ ಬಡಗಿಯೊಬ್ಬರ ಕೈಕೆಳಗೆ, ಕಟ್ಟಡಗಳಿಗೆ ತಂದು ಉಳಿದ ಮರದ ಚೂರುಗಳಿಂದ ಅವರು ಕೈಕಸುಬನ್ನು ಗಟ್ಟಿಮಾಡಿಕೊಂಡರು. ಮುಂದೆ ಪೆನ್ಸಿಲ್ವೇನಿಯಾದಲ್ಲಿ ನೆಲಸಿ, ಗಂಟು, ಬಿರುಕು, ಡೊಂಕು ಅಂಚುಗಳನ್ನು ಮರೆಮಾಡದೆ ಮಾಡಿದ ಮೇಜುಗಳಿಂದ ಲೋಕಪ್ರಸಿದ್ಧರಾದರು. 1964ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೂ ಬಂದು ಪೀಠೋಪಕರಣಗಳನ್ನು ರಚಿಸಿದರು. ಬಿರುಕು ಮುಂದುವರಿಯದಂತೆ ಅದರ ಅಡ್ಡಕ್ಕೆ ಚಿಟ್ಟೆಯಾಕಾರದ ಬೆಣೆಯನ್ನು ಕೂಡಿಸುವುದು ಅವರ ಗುರುತಿನಂತೆ ಆಗಿಹೋಯಿತು. ಚಿತ್ರವನ್ನು ನೋಡಿದ ಆಚಾರಿಯವರು, “ನಮ್ಮ ಅಪ್ಪ ದೋಣಿಯ ಹಲಗೆಗೆ ಹೀಂಗೇ ಹಾಕ್ತಿದ್ರು” ಎಂದಷ್ಟೇ ಹೇಳಿದರು.

ನಿಜಕ್ಕೂ ಡೊಂಕು ಮರವನ್ನು ಡೊಂಕಾಗಿಯೇ ಬಳಸುವುದು ನಮ್ಮ ಹಳ್ಳಿಗಳಿಗೆ ಹೊಸತೇನಲ್ಲ. ನೊಗಕ್ಕೆ, ನೇಗಿಲಿಗೆ ತಕ್ಕ ಬಾಗನ್ನು ಕಾಡಿನಲ್ಲಿಯೇ ಹುಡುಕುತ್ತಿದ್ದರು; ಈಳಿಗೆಮಣೆ ಯಾವುದೋ ಕವಲಿನಿಂದ ಆಗುತ್ತಿತ್ತು. ಈಗ ಊರಿನ ಮನೆಗಳನ್ನು ಕೆಡವುವಾಗ ಅವುಗಳ ಹಲಸಿನ ಕಂಬ, ತೇಗದ ತೊಲೆಗಳು ಕೊಂಡವನ ಲಾರಿಯಲ್ಲಿ ಹೋಗುತ್ತವೆ. ಮುಂಬಯಿಯ ಓಶಿವಾರದಂತಹ ಹಳೆಯ ಪೀಠೋಪಕರಣಗಳ ಪೇಟೆಗಳಲ್ಲಿ ಅಂತಹವೇ ಹತ್ತುಪಟ್ಟು ಬೆಲೆಗೆ ನಿಂತಿರುತ್ತವೆ. ಹಂಚಿಕೆಯ ಜಗಳದಲ್ಲಿ ಮುಳುಗಿರುವ ಅಣ್ಣತಮ್ಮಂದಿರು ಒಂದೊಂದು ತೊಲೆಯನ್ನಾದರೂ ಉಳಿಸಿಕೊಳ್ಳಬಾರದೇ ಎಂದು ನನಗೆ ಅನ್ನಿಸುವುದುಂಟು. ಶತಮಾನದಷ್ಟು ಒಣಗಿದ ಮರ ಅದು.

ಆದರೆ ಸಿಕ್ಕಿದ ಹಳೆಯ ಮರವೆಲ್ಲ ಮನೆಗೆ ಯೋಗ್ಯವಲ್ಲ. ಇದು ಆರೋಗ್ಯದ ಪುಟಗಳಿರುವ ಸಂಚಿಕೆಯಾದುದರಿಂದ ಸ್ವಲ್ಪ ವಿವರಿಸುತ್ತೇನೆ. ರೈಲ್ವೆಯ ಹಳೆಯ ಮರದ ಸ್ಲೀಪರುಗಳಿಗೆ ಕ್ರಿಯೊಸೋಟ್ ಎಂಬ ಡಾಂಬರಿನ ಎಣ್ಣೆಯನ್ನು ಕುಡಿಸಿರುತ್ತಾರೆ. ಅದು ಚರ್ಮಕ್ಕೂ ಶ್ವಾಸಕ್ಕೂ ಕೇಡು, ಕೂರುವ, ಉಣ್ಣುವ ಸಾಮಾನಿಗೆ ಸಲ್ಲದು. ವಿದೇಶದಿಂದ ಸರಕು ಬಂದ ಪ್ಯಾಲೆಟ್ಟುಗಳ ಮೇಲೆ ಮುದ್ರೆ ಒತ್ತಿರುತ್ತದೆ: ‘ಎಚ್‌ಟಿ’ ಎಂದಿದ್ದರೆ ಬಿಸಿಯಿಂದ ಸಂಸ್ಕರಿಸಿದ್ದು, ಬಳಸಬಹುದು, ‘ಎಂಬಿ’ ಎಂದಿದ್ದರೆ ಮಿಥೈಲ್ ಬ್ರೋಮೈಡ್ ಎಂಬ ವಿಷಾನಿಲದಿಂದ ಸಂಸ್ಕರಿಸಿದ್ದು, ಬಿಟ್ಟುಬಿಡಿ. ಹಳೆಯ ಬಾಗಿಲುಗಳ ಬಣ್ಣದಲ್ಲಿ ಸೀಸವಿರುವ ಸಂಭವ ಹೆಚ್ಚು. ಮನೆಬಣ್ಣಗಳಲ್ಲಿ ಸೀಸ ದಶಲಕ್ಷಕ್ಕೆ 90 ಭಾಗಗಳನ್ನು ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ. ಅಂತಹ ಬಣ್ಣವನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬಾರದು, ಅದರಲ್ಲಿಯೂ ಮೊಮ್ಮಕ್ಕಳಿರುವ ಮನೆಯಲ್ಲಿ. ನಮ್ಮ ಕಡೆಯವರಿಗೆ ಹೊಲಗೇರು ಮರದ ಪರಿಚಯ ಹೇಳಬೇಕಿಲ್ಲ. ಅದರ ಸೊನೆ ತಾಗಿದರೆ ಮೈಯೆಲ್ಲ ಬೊಬ್ಬೆ.

ಧೂಳಿನ ಮಾತಂತೂ ಗಂಭೀರವಾದುದು. ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲಿಯೇ ಸಾರಿದೆ. ಮುಖ್ಯವಾಗಿ ಮೂಗಿನ ಒಳಭಾಗದ ಕ್ಯಾನ್ಸರಿಗೆ. ಕೈ ಉಳಿಯಿಂದ ಏಳುವ ಸುರುಳಿಗಳು ನೆಲಕ್ಕೆ ಬೀಳುತ್ತವೆ; ಯಂತ್ರದಿಂದ ಉಜ್ಜಿದಾಗ ಏಳುವ ಕಣ್ಣಿಗೆ ಕಾಣದ ಧೂಳೇ ಅಪಾಯಕಾರಿ. ನಮ್ಮ ಆಚಾರಿಯವರಿಗೆ ಹಲವು ವರ್ಷಗಳಿಂದ ಕೆಮ್ಮು. ಮುಂಜಾನೆ ಅವರು ಲಿಫ್ಟಿನಲ್ಲಿ ಮೇಲೇರುತ್ತಿದ್ದರೆ ಯಾವ ಮಹಡಿಯಲ್ಲಿದ್ದಾರೆಂದು ಕೆಮ್ಮಿನಿಂದಲೇ ತಿಳಿಯುತ್ತಿತ್ತು. ಅದು ಧೂಳಿನಿಂದಲೇ ಬಂದದ್ದೆಂದು ಹೇಳಲು ನಾನು ವೈದ್ಯನಲ್ಲ. ಆದರೆ ಮೂವತ್ತು ವರ್ಷ ನಮ್ಮ ಮನೆಗಳಲ್ಲಿ ಕೆಲಸಮಾಡಿದ ಅವರಿಗೆ ಒಂದು ಮುಖವಾಡವನ್ನು ಕೊಡಬೇಕೆಂದು ಯಾರಿಗೂ ತೋರಲಿಲ್ಲ, ಕಾರ್ಯದರ್ಶಿಯಾಗಿದ್ದ ನನಗೂ ತೋರಲಿಲ್ಲ. ಕೋವಿಡ್ ಕಾಲದಲ್ಲಿ ಎಲ್ಲರ ಮನೆಯಲ್ಲೂ ಎನ್-95 ಮುಖವಾಡಗಳು ರಾಶಿಬಿದ್ದಾಗಲೇ ಅವರಿಗೂ ಸಿಕ್ಕಿದ್ದು. “ಉಸಿರು ಕಟ್ತು ರಾಯರೇ” ಎಂದು ನಾಲ್ಕು ದಿನ ಗೊಣಗಿ, ಆಮೇಲೆ ಅದಿಲ್ಲದೆ ಉಜ್ಜಲು ಕೂರಲಿಲ್ಲ. ಮೂಗಿಗೆ ಟವೆಲು ಸುತ್ತಿಕೊಳ್ಳುವುದರಿಂದ ನುಣುಪು ಧೂಳು ತಡೆಯುವುದಿಲ್ಲ.

2024ರ ಫೆಬ್ರವರಿಯಲ್ಲಿ ಬೆಂಚಿನ ಕೆಲಸ ಆರಂಭವಾಯಿತು. ಆಚಾರಿಯವರು ಮೊದಲು ಅಜ್ಜಿಯವರ ಮನೆಗೆ ಹೋಗಿ, “ಅಮ್ಮಾ, ಒಂದು ಸಲ ಕಾಲು ನೇರ ಬಿಟ್ಟು ಕೂತ್ಕಳಿ” ಎಂದು, ಬಿದಿರಿನ ಕಡ್ಡಿಯಿಂದ ಮಂಡಿಯಿಂದ ನೆಲದವರೆಗಿನ ಅಳತೆಯನ್ನು ತೆಗೆದರು. ಪಾರ್ಕಿನ ಬೆಂಚುಗಳು ತೀರ ತಗ್ಗು. ಕೂತವರು ಏಳಲು ಇನ್ನೊಬ್ಬರ ಕೈ ಬೇಕು. ನಮ್ಮದು ಹದಿನೆಂಟು ಇಂಚು ಎತ್ತರ. ಎರಡು ಕಡೆ ಕೈಯೂರಿ ಏಳಲು ತೋಳುಗಳು. ಆಸನದ ಕೆಳಗೆ ಮುಂಭಾಗದಲ್ಲಿ ಅಡ್ಡಪಟ್ಟಿಯಿಲ್ಲ, ಏಕೆಂದರೆ ಏಳುವಾಗ ಹಿಮ್ಮಡಿ ಮಂಡಿಗಿಂತ ಹಿಂದೆ ಸರಿಯಬೇಕು. ಅದಕ್ಕೆ ಎಡೆಯಿಲ್ಲದ ಕುರ್ಚಿಯಿಂದ ವೃದ್ಧರು ಏಳಲಾರರು. ಇದನ್ನು ಯಾವ ಪುಸ್ತಕದಲ್ಲಿ ಓದಿದಿರಿ ಎಂದು ಕೇಳಿದೆ. “ನಮ್ಮ ಆಯಿ ಎದ್ದಿದ್ದು ನೋಡಿ” ಎಂದರು. ಕಾಲುಗಳು ಅದೇ ಮರದ ಕೊಂಬೆಗಳಿಂದ. ಕೊಂಬೆಯ ತುದಿಯನ್ನು ನಾಲಗೆಯಂತೆ ಕಡೆದು ಹಲಗೆಯ ತೂತಿನಲ್ಲಿ ಕೂಡಿಸಿ, ಮೇಲಿನಿಂದ ಬೆಣೆ ಹೊಡೆದರು. ಒಂದು ಮೊಳೆಯನ್ನೂ ಬಳಸಲಿಲ್ಲ. ಆ ಮರ ಮೊಳೆಗಳನ್ನು ಸಾಕಷ್ಟು ನುಂಗಿತ್ತು.

ಮೇಲೆ ಬಳಿದದ್ದು ಕುದಿಸಿದ ಅಗಸೆ ಎಣ್ಣೆ. ಕೊಬ್ಬರಿ ಎಣ್ಣೆ ಒಣಗುವುದಿಲ್ಲ, ಮುಗ್ಗಲು ವಾಸನೆ ಬರುತ್ತದೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಹಾಗೆ ಗಟ್ಟಿಯಾಗುವಾಗ ಶಾಖ ಹೊರಡುತ್ತದೆ. ಆ ಎಣ್ಣೆಯ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆಸೆದರೆ ತಾವಾಗಿಯೇ ಹೊತ್ತಿಕೊಳ್ಳಬಲ್ಲವು. ಬಟ್ಟೆಯನ್ನು ನೀರಿನಲ್ಲಿ ಅದ್ದಬೇಕು, ಇಲ್ಲವೆ ಬಯಲಿನಲ್ಲಿ ಒಂದೊಂದಾಗಿ ಹರವಿ ಒಣಗಿಸಬೇಕು. ಫ್ಲ್ಯಾಟುಗಳಲ್ಲಿ ಈ ಹವ್ಯಾಸವನ್ನು ಆರಂಭಿಸುವವರು ಇದೊಂದನ್ನು ಮರೆಯಬಾರದು.

ಎರಡನೆಯ ಮರದ ವಿಷಯ. ದೆಹಲಿಯ ಮರಗಳ ಬುಡದಿಂದ ಒಂದು ಮೀಟರಿನವರೆಗಿನ ಕಾಂಕ್ರೀಟನ್ನು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿಯೇ ಆಜ್ಞೆ ಮಾಡಿತ್ತು. 2022ರ ಸರ್ವಸಾಧಾರಣ ಸಭೆಯಲ್ಲಿ ಆ ಕಾಗದವನ್ನು ಹಿಡಿದುಕೊಂಡು ನಾನೆದ್ದು ನಿಂತೆ. “ಹಾಸಿಸಿದವರೂ ನೀವೇ, ಒಡೆಸುವವರೂ ನೀವೇನಾ?” ಎಂದು ಒಬ್ಬರು ಕೇಳಿದರು. ಹೌದೆಂದೆ. ಹಣ ಮಂಜೂರಾಗಲು ಎರಡು ಗಂಟೆ ಹಿಡಿಯಿತು. ಒಡೆದಾಗ ಕಾಂಕ್ರೀಟಿನ ತಳಕ್ಕೇ ಅಂಟಿಕೊಂಡು, ಹಪ್ಪಳದಂತೆ ಚಪ್ಪಟೆಯಾದ ಬೇರುಗಳಿದ್ದವು. ಸಂದಿಯಲ್ಲಿ ಎಲ್ಲೋ ಒಂದಿಷ್ಟು ಗಾಳಿ ಸಿಕ್ಕೀತೆಂದು ಅವು ಮೇಲೆ ಬಂದಿದ್ದವು. ಆ ಮರದ ಅರ್ಧ ಭಾಗ ಈಗಲೂ ವಿರಳವಾಗಿದೆ. ಕಳೆದ ಎರಡು ವರ್ಷಗಳಿಂದ ಬುಡದಲ್ಲಿ ಅಣಬೆ ಕಂಡಿಲ್ಲ. ಮಳೆಗಾಲದಲ್ಲಿ ಕೆಸರಾಗುತ್ತದೆ, ತರಗೆಲೆ ಹರಡುತ್ತೇವೆ.

ಬೆಂಚು ಪ್ರವೇಶದ್ವಾರದ ಮಾಡಿನ ಕೆಳಗಿದೆ. ಅಜ್ಜಿಯವರು ಅದರ ಮೇಲೆ ಹತ್ತು ತಿಂಗಳು ಕುಳಿತರು, ಈಗ ಅವರಿಲ್ಲ. ಆಚಾರಿಯವರು ಆ ಮಳೆಗಾಲದ ನಂತರ ಕೆಲಸ ಬಿಟ್ಟು ಊರಿಗೆ ಹೋದರು. ಡಿಸೆಂಬರಿನ ಒಣಹವೆಯಲ್ಲಿ ಬೆಂಚಿನ ಎಡತುದಿಯಲ್ಲಿ ಗೇಣುದ್ದದ ಬಿರುಕು ಬಿಟ್ಟಿತು. ಫೋನು ಮಾಡಿದೆ. “ಹೆದರೂದು ಬೇಡ. ಚಿಟ್ಟೆ ಹಾಕಿ. ಉಳಿ ನಿಮ್ಮ ಹತ್ರವೇ ಬಿಟ್ಟು ಬಂದಿದ್ದೆ” ಎಂದರು. ಅವರು ಹೇಳುತ್ತ ಹೋದಂತೆ, ಮೂರು ದಿನ ಹಿಡಿದು, ತೇಗದ ಒಂದು ಚೂರಿನಿಂದ ಚಿಟ್ಟೆಯನ್ನು ಕೊಯ್ದು ಕೂಡಿಸಿದೆ. ಒಂದು ರೆಕ್ಕೆಯ ಬಳಿ ಸಂದಿ ಉಳಿದಿದೆ. ಅದರ ಚಿತ್ರವನ್ನು ಕಳಿಸಿದಾಗ ಅವರು ಏನೂ ಹೇಳಲಿಲ್ಲ. ಕೆಮ್ಮು ಹೇಗಿದೆಯೆಂದು ಕೇಳಿದೆ, ಮಾತು ಬೇರೆ ಕಡೆ ಹೋಯಿತು.

ಇನ್ನೆರಡು ಹಲಗೆಗಳು ಮೆಟ್ಟಿಲಿನ ಕೆಳಗಿವೆ. ಒಂದು ಆರೂವರೆ ಅಡಿ, ಇನ್ನೊಂದು ಐದಡಿ; ಐದಡಿಯದರ ನಡುವೆ ದೊಡ್ಡ ಗಂಟಿದೆ, ಆದರೆ ಗಟ್ಟಿಯಾಗಿದೆ. ಎರಡೂ ಚೆನ್ನಾಗಿ ಒಣಗಿವೆ. ಸಂಘದ ಬಾಂಧವರಲ್ಲಿ ಯಾರಿಗಾದರೂ ಉಪಯೋಗವಿದ್ದರೆ ಬಂದು ಒಯ್ಯಬಹುದು. ಟೆಂಪೋದ ಬಾಡಿಗೆ ಮಾತ್ರ ಅವರದು.